ಗೋಲು ಎಣಿಸದ ಅಜ್ಜ ಅಜ್ಜಿ ಬೇಕು

ಕೆನಡಾದಲ್ಲಿ ಮಕ್ಕಳ ಐಸ್ ಹಾಕಿ ಸೀಸನ್ ಸೆಪ್ಟೆಂಬರ್ ಹೊತ್ತಿಗೆ ಶುರುವಾಗಿ ಮಾರ್ಚ್ ಸುಮಾರಿಗೆ ಮುಗಿಯುತ್ತದೆ. ಅಷ್ಟೂ ತಿಂಗಳು ನಸುಕಿನಲ್ಲೇ ಮಕ್ಕಳನ್ನು ಎಬ್ಬಿಸಿ, ಪ್ಯಾಡು, ಹೆಲ್ಮೆಟ್ಟು, ಸ್ಕೇಟ್ಸ್ ತುಂಬಿದ ಚೀಲವನ್ನು ಕಾರಿಗೇರಿಸಿ ರಿಂಕಿಗೆ ಓಡುವುದು ಅಪ್ಪ ಅಮ್ಮಂದಿರ ಪಾಡು. ಅದೇ ರಿಂಕಿನ ಕೊರೆಯುವ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂರುವ ಅಜ್ಜ ಅಜ್ಜಿಯರೂ ಕಡಿಮೆಯಿಲ್ಲ. ಸೀಸನ್ ಮುಗಿದ ಮೇಲೆ ಮೊಮ್ಮಗಳು ಹೇಗೆ ಆಡಿದಳು ಎಂದು ಸಿಕ್ಕವರಿಗೆಲ್ಲ ಹೇಳಿ ಹಿಗ್ಗುವವರು ಇವರೇ. ಮುದುಕರ ಮುದ್ದು ಎಂದು ಆ ಹಿಗ್ಗನ್ನು ನಕ್ಕು ಬಿಡುವವರಿದ್ದಾರೆ. ಹಾಗೆ ಬಿಡಬಾರದು ಎಂಬುದು ನನ್ನ ವಾದ. ಮಕ್ಕಳ ಆಟದ ಮೇಲೆ ದೊಡ್ಡವರ ಆಸೆಯ ಭಾರ ವರ್ಷವರ್ಷಕ್ಕೂ ಏರುತ್ತಿರುವಾಗ, ಸೋಲು ಗೆಲುವು ನೋಡದೆ ಹೆಮ್ಮೆಪಡುವ ಹಿರಿಜೀವವೊಂದು ಬೆಂಚಿನ ಮೇಲಿರುವುದು ಮಗುವಿಗೆ ದೊಡ್ಡ ಆಸರೆ.

ಈ ಆಟದ ಅತಿ ದೊಡ್ಡ ಹೆಸರಾದ ವೇನ್ ಗ್ರೆಟ್ಸ್‌ಕಿಯ ಬಾಲ್ಯವನ್ನೇ ನೋಡಿ. ಎರಡು ಮೂರು ವರ್ಷದ ಹುಡುಗ ಒಂಟಾರಿಯೊದ ಹೊಲಮನೆಯಲ್ಲಿ ಚೆಂಡು ಹೊಡೆಯುವಾಗ ಕುರ್ಚಿಯಲ್ಲಿ ಕೂತು ಗೋಲ್ ಕೀಪರ್ ಆಗುತ್ತಿದ್ದವರು ಅಜ್ಜಿ ಮೇರಿ. ಆ ಮನೆಯಂಗಳದಾಚೆ ಅವನಿಗೆ ಸಿಕ್ಕ ಲೋಕ ಬೇರೆಯೇ. 1971-72ರ ಸೀಸನ್‌ನಲ್ಲಿ, ಹತ್ತನೇ ವಯಸ್ಸಿಗೆ, ಬ್ರಾಂಟ್‌ಫರ್ಡ್ ತಂಡಕ್ಕಾಗಿ ಆತ 378 ಗೋಲು ಹೊಡೆದ. ಆ ಸಾಧನೆ ಊರಿನ ಇತರ ತಂದೆತಾಯಿಗಳ ಹೊಟ್ಟೆಕಿಚ್ಚಿಗೆ ಕಾರಣವಾಯಿತು. ಪುಟ್ಟ ಹುಡುಗನನ್ನು ದೊಡ್ಡವರು ಗೇಲಿ ಮಾಡಿ ಕೂಗಿದರು. ಹದಿನಾಲ್ಕಕ್ಕೆ ಆತ ಊರು ಬಿಟ್ಟು ಟೊರೊಂಟೊಗೆ ಹೋಗಲು ಈ ಕಿರುಕುಳವೂ ಒಂದು ಕಾರಣ. ಮಕ್ಕಳ ಗೋಲಿಗೆ ದೊಡ್ಡವರು ತಮ್ಮ ಮಾನವನ್ನು ಗಂಟು ಹಾಕಿದರೆ ಗೆದ್ದ ಮಗುವಿಗೂ ನೆಮ್ಮದಿ ಇರುವುದಿಲ್ಲ.

ಗೋಲಿನ ಲೆಕ್ಕವೇ ಆ ವಯಸ್ಸಿನಲ್ಲಿ ನಂಬಲರ್ಹವಲ್ಲ ಎಂಬುದಕ್ಕೆ ಆಧಾರವಿದೆ. ಮನಃಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ಕೆನಡಾದ ಉನ್ನತ ಮಟ್ಟದ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿದರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಅಲ್ಲಿ ಹೆಚ್ಚಿದ್ದರು. ವಯೋಗುಂಪಿನ ಗಡಿ ಡಿಸೆಂಬರ್ 31 ಆದ್ದರಿಂದ ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹತ್ತಿರ ಹತ್ತಿರ ಒಂದು ವರ್ಷ ದೊಡ್ಡದು. ಎಂಟನೇ ವಯಸ್ಸಿನಲ್ಲಿ ಅದು ಮೈಕಟ್ಟಿನಲ್ಲಿ ಎದ್ದು ಕಾಣುತ್ತದೆ. ಕೋಚ್‌ಗಳು ಅದನ್ನೇ ಪ್ರತಿಭೆ ಎಂದುಕೊಂಡು ಆರಿಸುತ್ತಾರೆ, ಆರಿಸಿದವರಿಗೆ ಹೆಚ್ಚು ಅಭ್ಯಾಸ ಕೊಡುತ್ತಾರೆ. ಉಳಿದ ಮಕ್ಕಳು ತಾವು ಈ ಆಟಕ್ಕೆ ತಕ್ಕವರಲ್ಲ ಎಂದು ತೀರ್ಮಾನಿಸಿಬಿಡುವ ಅಪಾಯವಿದೆ. ಈ ಹಂತದಲ್ಲಿ 'ಹಿಂದಿನ ಚಳಿಗಾಲದಲ್ಲಿ ಬೀಳುತ್ತಿದ್ದೆ, ಈಗ ಹಿಮ್ಮುಖವಾಗಿ ಸ್ಕೇಟ್ ಮಾಡುತ್ತೀಯಲ್ಲ' ಎನ್ನುವ ಅಜ್ಜಿ ಮಗುವನ್ನು ಮಗುವಿನ ಜೊತೆಗೇ ಹೋಲಿಸುತ್ತಿದ್ದಾಳೆ. ನನಗೆ ಅದು ಅಂಕಪಟ್ಟಿಗಿಂತ ಸರಿಯಾದ ಮೌಲ್ಯಮಾಪನವಾಗಿ ಕಾಣುತ್ತದೆ.

ಇಷ್ಟು ಮೆದುವಾದರೆ ಆಟಗಾರರು ಹುಟ್ಟುವುದು ಹೇಗೆ ಎಂಬ ಆಕ್ಷೇಪ ಬರುತ್ತದೆ. ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆಯುವ ಬಾಡಿ ಚೆಕಿಂಗ್ ಅನ್ನು ಹನ್ನೊಂದು ಹನ್ನೆರಡರ ಮಕ್ಕಳಿಗೆ ನಿಷೇಧಿಸುವಾಗಲೂ ಇದೇ ಮಾತು ಕೇಳಿಬಂತು. ಆದರೆ 2010ರಲ್ಲಿ ಪ್ರಕಟವಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನದ ಪ್ರಕಾರ, ಅದಕ್ಕೆ ಅವಕಾಶವಿದ್ದ ಆಲ್ಬರ್ಟಾದಲ್ಲಿ ತಲೆಗೆ ಪೆಟ್ಟಾಗಿ ಕನ್‌ಕಷನ್ ಆಗುವ ಅಪಾಯ, ಅವಕಾಶವಿಲ್ಲದ ಕ್ವಿಬೆಕ್‌ಗಿಂತ ಮೂರು ಪಟ್ಟಿಗೂ ಹೆಚ್ಚು. 2013ರಲ್ಲಿ ಹಾಕಿ ಕೆನಡಾ ಆ ವಯಸ್ಸಿನವರಿಗೆ ಅದನ್ನು ನಿಲ್ಲಿಸಿತು. ನಾರ್ವೆಯಂತೂ 1987ರಿಂದಲೇ ಮಕ್ಕಳ ಕ್ರೀಡೆಗೆ ಪ್ರತ್ಯೇಕ ನಿಯಮ ಮಾಡಿಕೊಂಡಿದೆ. ಹನ್ನೊಂದರ ವರ್ಷ ಬರುವ ತನಕ ಫಲಿತಾಂಶದ ಪಟ್ಟಿ, ರ‍್ಯಾಂಕಿಂಗ್ ಅಲ್ಲಿಲ್ಲ. ಐಸ್ ಹಾಕಿಯಲ್ಲಿ ಅದು ಕೆನಡಾದ ಸಮಕ್ಕೆ ಬಾರದು, ನಿಜ. ಆದರೂ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎಲ್ಲ ದೇಶಗಳಿಗಿಂತ ಹೆಚ್ಚು, 16 ಚಿನ್ನ ಗೆದ್ದದ್ದು ಈ ಪುಟ್ಟ ದೇಶವೇ. ಮಕ್ಕಳನ್ನು ಹಗುರಾಗಿ ಬೆಳೆಸಿದರೆ ಗೆಲ್ಲುವ ಛಲ ಸಾಯುತ್ತದೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಜ್ಜ ಅಜ್ಜಿಯರ ಹೆಮ್ಮೆಯೇ ಹೊರೆಯಾಗಬಹುದು. ಐಸ್ ಹಾಕಿ ದುಬಾರಿ ಆಟ. ಸ್ಕೇಟ್ಸ್ ಕೊಡಿಸಿದವರು, ಶುಲ್ಕ ಕಟ್ಟಿದವರು ಅದಕ್ಕೆ ಪ್ರತಿಯಾಗಿ ಗೋಲು ಕೇಳತೊಡಗಿದರೆ, ಒಬ್ಬ ಮೊಮ್ಮಗನನ್ನು ತೋರಿಸಿ ಇನ್ನೊಬ್ಬನನ್ನು ಹಂಗಿಸಿದರೆ, ಅವರೂ ಗೇಲಿ ಮಾಡುವ ಗುಂಪಿಗೇ ಸೇರುತ್ತಾರೆ. ನಾನು ಸಮರ್ಥಿಸುವ ಹೆಮ್ಮೆಗೆ ಈ ಬೇಲಿ ಬೇಕೇ ಬೇಕು. ಕೆನಡಾದ ಹಲವೆಡೆ ಮಗುವನ್ನು ಹಾಕಿಗೆ ಸೇರಿಸುವಾಗ ಪೋಷಕರೊಬ್ಬರು ಸಭ್ಯ ವರ್ತನೆಯ ಆನ್‌ಲೈನ್ ತರಬೇತಿ ಮುಗಿಸುವುದು ಕಡ್ಡಾಯ. ಬೆಂಚಿನಲ್ಲಿ ಕೂರುವ ಅಜ್ಜ ಅಜ್ಜಿಯರೂ ಅದನ್ನು ಮನಸಾರೆ ಪಡೆಯುವುದು ಒಳ್ಳೆಯದು.

ನಮ್ಮವರಿಗೂ ಇದು ದೂರದ ಮಾತಾಗಿ ಉಳಿದಿಲ್ಲ. ಕೆನಡಾದ ಸೂಪರ್ ವೀಸಾ ಈಗ ಅಲ್ಲಿ ನೆಲೆಸಿದವರ ತಂದೆತಾಯಿ, ಅಜ್ಜ ಅಜ್ಜಿಯರಿಗೆ ಒಮ್ಮೆಗೆ ಐದು ವರ್ಷದವರೆಗೆ ಇರಲು ಅವಕಾಶ ಕೊಡುತ್ತದೆ. ಬೆಂಗಳೂರು, ಮೈಸೂರು, ದಾವಣಗೆರೆಯಿಂದ ಮೊಮ್ಮಕ್ಕಳ ಬಳಿಗೆ ಹೊರಟಿರುವ ಹಿರಿಯರೇ, ಪಕ್ ಎಂಬ ಆಟದ ಬಿಲ್ಲೆ ಎಲ್ಲಿದೆ ಎಂದು ಕಣ್ಣಿಗೆ ಕಾಣದಿದ್ದರೂ ಚಿಂತೆಯಿಲ್ಲ, ರಿಂಕಿಗೆ ಹೋಗಿ ಕೂರಿ. ಆಟ ಮುಗಿಸಿ ಬಂದ ಮಗುವನ್ನು ಎಷ್ಟು ಗೋಲು ಎಂದು ಮಾತ್ರ ಕೇಳಬೇಡಿ. ಆಟದ ನಿಯಮ ಹೇಳಿಕೊಡು ಎಂದು ಕೇಳಿ.