ಮೂರನೆಯ ಕಾಲಕ್ಕೆ ಮುನ್ನ

ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಹಳ್ಳಿಗಳಲ್ಲಿ ಕೋಲಾಟವನ್ನು ಕಂಡವರಿಗೆ ಲಯದ ವಿಚಾರವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮೊದಮೊದಲು ಕೋಲುಗಳು ಸಾವಧಾನವಾಗಿ ತಾಗುತ್ತವೆ. ಎಲ್ಲರ ಹೆಜ್ಜೆಯೂ ಕೂಡಿತೆಂದು ಕಂಡಮೇಲೆ ಮುಂದಾಳು ಪದವನ್ನು ಕೊಂಚ ಬಿಗಿ ಮಾಡುತ್ತಾನೆ, ಇನ್ನೂ ಕೊಂಚ ಬಿಗಿ ಮಾಡುತ್ತಾನೆ. ಕಡೆಗೆ ಯಾರ ಕೋಲು ಯಾರ ಕೋಲಿಗೆ ತಾಗಿತೆಂಬುದು ನೋಡುವವರ ಕಣ್ಣಿಗೆ ನಿಲುಕದು. ಆ ಕಡೆಯ ವೇಗದಿಂದಲೇ ಆಟವನ್ನು ಆರಂಭಿಸುವ ಸಾಹಸಕ್ಕೆ ಯಾರೂ ಕೈಹಾಕುವುದಿಲ್ಲ. ಹಾಕಿದರೆ ಬೆರಳ ಗೆಣ್ಣಿಗೆ ಪೆಟ್ಟು ನಿಶ್ಚಯ. ಪಿಟೀಲು ಹಿಡಿದವನ ಗೆಣ್ಣಿಗೆ ಪೆಟ್ಟು ಬೀಳುವ ಭಯವಿಲ್ಲ. ಅದರಿಂದಲೇ ಏನೋ, ಕಲಿಯುವವರಲ್ಲಿ ಅನೇಕರು ಕೊನೆಯಿಂದಲೇ ಆರಂಭಿಸಲು ಹಾತೊರೆಯುತ್ತಾರೆ.

ಚಿತ್ರದುರ್ಗದಲ್ಲಾಗಲಿ ಹಿರಿಯೂರಿನಲ್ಲಾಗಲಿ ಪಾಠಕ್ಕೆ ಕುಳಿತ ಮಗುವಿಗೆ ಮೊದಲು ದೊರೆಯುವುದು ಮಾಯಾಮಾಳವಗೌಳದ ಸರಳೆ ವರಸೆ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂಬುದು ಪರಂಪರೆಯ ನಂಬಿಕೆ. ಒಂದನೆಯ ಕಾಲದಲ್ಲಿ ತಾಳದ ಅಕ್ಷರವೊಂದಕ್ಕೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಕೇಳುವುದಕ್ಕೆ ಎಷ್ಟು ಸರಳ! ಆದರೆ ಲೆಕ್ಕ ಹಾಕಿ ನೋಡಬೇಕು. ನಿಮಿಷಕ್ಕೆ 60 ಅಕ್ಷರಗಳ ನಡೆಯಲ್ಲಿ ಹೊರಟ ಮಗು ಎರಡನೆಯ ಕಾಲದಲ್ಲಿ ನಿಮಿಷಕ್ಕೆ 120 ಸ್ವರಗಳನ್ನೂ ಮೂರನೆಯದರಲ್ಲಿ 240 ಸ್ವರಗಳನ್ನೂ ನುಡಿಸಬೇಕಾಗುತ್ತದೆ. ಇದು ಮೆಟ್ಟಿಲು ಹತ್ತುವುದಲ್ಲ, ಮಹಡಿಯಿಂದ ಮಹಡಿಗೆ ನೆಗೆಯುವುದು. ಎರಡನೆಯ ಕಾಲದವರೆಗೆ ಅಚ್ಚುಕಟ್ಟಾಗಿ ಬಂದ ಕೈ ಮೂರನೆಯದರಲ್ಲಿ ತಡವರಿಸುತ್ತದೆ. ಮನೆಯವರು ‘ನಮ್ಮ ಹುಡುಗನಿಗೆ ಸಂಗೀತ ಒಲಿದು ಬಂದಿಲ್ಲ’ ಎಂದು ತೀರ್ಪು ಕೊಡುತ್ತಾರೆ. ಪಿಟೀಲು ಅಟ್ಟ ಸೇರುತ್ತದೆ. ಪಾಪ, ಒಲಿಯದಿದ್ದುದು ಸಂಗೀತವಲ್ಲ, ಆ ನೆಗೆತ.

ಒಳ್ಳೆಯ ಗುರುಗಳು ಇದಕ್ಕೆ ಮಾಡುವ ಉಪಾಯ ಪಾಠದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಅಚ್ಚಾಗುವುದಿಲ್ಲ. ಅವರು ಕಾಲವನ್ನು ಹಾಗೆಯೇ ಬಿಟ್ಟು ತಾಳದ ಕೈಯನ್ನೇ ತಗ್ಗಿಸುತ್ತಾರೆ. ನಿಮಿಷಕ್ಕೆ 40 ಅಕ್ಷರಗಳಂತೆ ತಾಳ ನಡೆದರೆ ಮೂರನೆಯ ಕಾಲದಲ್ಲಿ ಬರುವುದು 160 ಸ್ವರಗಳು ಮಾತ್ರ. ಅದು ಶುದ್ಧವಾಗಿ ಕೇಳಿಸಿದ ಮೇಲೆ 44, ಅನಂತರ 48. ಏರುವುದು ನಾಲ್ಕೇ ಅಕ್ಷರವಾದರೂ ಬೆರಳಿಗೆ ಒದಗುವುದು ಪ್ರತಿಸಲವೂ ಹದಿನಾರು ಸ್ವರಗಳ ಹೆಚ್ಚಳ. ಈಗ ತಾಳಯಂತ್ರವೂ ಕೈಯಲ್ಲಿ ಹಿಡಿವ ಫೋನೂ ಇದನ್ನು ಎಣಿಸಿಕೊಡುತ್ತವೆ. ಹಿಂದೆ ಗುರುವಿನ ತೊಡೆಯ ಮೇಲಿನ ತಟ್ಟು ಎಣಿಸಿಕೊಡುತ್ತಿತ್ತು. ಯಂತ್ರದಲ್ಲಿ ಒಂದು ಕೊರತೆಯುಂಟು. ಮಗು ಎಲ್ಲಿ ಮುಗ್ಗರಿಸಿತೆಂಬುದು ಅದಕ್ಕೆ ತಿಳಿಯದು. ಇಡೀ ವರಸೆಯಲ್ಲಿ ಕೆಡುವುದು ಬಹುಶಃ ಎರಡು ಮೂರು ಸ್ವರಗಳ ಒಂದು ತಿರುವು, ತಂತಿಯಿಂದ ತಂತಿಗೆ ದಾಟುವ ಒಂದು ಎಡೆ. ಅದಷ್ಟನ್ನೇ ಬಿಡಿಸಿಕೊಂಡು ಇಪ್ಪತ್ತು ಸಲ ನಿಧಾನವಾಗಿ ನುಡಿಸಿದವನಿಗೆ ಉಳಿದ ವರಸೆ ತಾನಾಗಿಯೇ ಒಲಿಯುತ್ತದೆ.

ಈ ಕಷ್ಟ ನಮ್ಮವರಿಗೆ ಮಾತ್ರ ಮೀಸಲಾದುದೇನಲ್ಲ. ಐರ್ಲೆಂಡಿನ ಹಳ್ಳಿಗಳಲ್ಲಿ ಪಿಟೀಲು ಕುಣಿತದ ವಾದ್ಯ. ‘ರೀಲ್’, ‘ಜಿಗ್’ ಎಂಬ ಕುಣಿತದ ಮಟ್ಟುಗಳನ್ನು ಅಲ್ಲಿಯವರು ಬಹುಕಾಲದಿಂದ ಕಿವಿಯಿಂದ ಕಿವಿಗೆ ಕಲಿತು ಬಂದಿದ್ದಾರೆ. ಷಿಕಾಗೋ ನಗರದ ಪೊಲೀಸು ಮುಖ್ಯಾಧಿಕಾರಿಯಾಗಿದ್ದ ಫ್ರಾನ್ಸಿಸ್ ಓನೀಲ್ ಎಂಬ ಐರಿಷ್ ಗೃಹಸ್ಥನು 1903ರಲ್ಲಿ ಅಂಥ 1850 ಮಟ್ಟುಗಳನ್ನು ಅಚ್ಚು ಹಾಕಿಸಿದನು. ಕಳ್ಳರನ್ನು ಹಿಡಿಯುವ ಕೆಲಸದ ನಡುವೆ ರಾಗ ಹಿಡಿಯಲು ಬಿಡುವು ಸಿಕ್ಕಿದ್ದೇ ಸೋಜಿಗ! ಸ್ಲೈಗೊ ಸೀಮೆಯ ಮೈಕೇಲ್ ಕೋಲ್ಮನ್ 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿದ ಗ್ರಾಮಫೋನ್ ತಟ್ಟೆಗಳನ್ನು ಕೇಳಿದವರೆಲ್ಲ ಅವನ ವೇಗಕ್ಕೆ ಮರುಳಾದರು. ಆದರೆ ಅಲ್ಲಿಯೂ ಬಲ್ಲವರು ಹೇಳಿಕೊಡುವುದು ಮಟ್ಟನ್ನು ಮೊದಲು ನಿಧಾನವಾಗಿ, ಕುಣಿತದ ತೂಗು ತಪ್ಪದಂತೆ ನುಡಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಏರಿಸುವುದನ್ನು. ನಿಧಾನದಲ್ಲಿ ತೂಗು ಕಳೆದುಕೊಂಡ ಮಟ್ಟು ವೇಗದಲ್ಲಿ ಅದನ್ನು ಮರಳಿ ಪಡೆಯುವುದಿಲ್ಲ.

ಆ ನಾಡಿಗೂ ನಮ್ಮ ಪಾಠಕ್ಕೂ ಒಂದು ಹಳೆಯ ನಂಟೂ ಇದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯೂರೋಪಿನ ವಾದಕರಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ಅಣ್ಣನವರು ಆಗ ಕೇಳಿಬರುತ್ತಿದ್ದ ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. ಇವೇ ಶಂಕರಾಭರಣದ ನೊಟ್ಟುಸ್ವರಗಳು. ಇವುಗಳಲ್ಲಿ ‘ವಂದೇ ಮೀನಾಕ್ಷಿ’ಯ ಮಟ್ಟು ಐರ್ಲೆಂಡಿನ ಊರೊಂದರ ಹೆಸರು ಹೊತ್ತ ‘ಲಿಮರಿಕ್’ ಎಂದು ಸಂಶೋಧಕರು ಗುರುತಿಸಿದ್ದಾರೆ. ಗಮಕದ ಭಾರವಿಲ್ಲದ ಈ ಪುಟ್ಟ ರಚನೆಗಳು ಮಕ್ಕಳ ಕೈಗೆ ಹಿಡಿಸುತ್ತವೆ; ವೇಗ ಏರಿಸಿದರೂ ಕೆಡುವುದಿಲ್ಲ.

ಗಮಕ ಬಂದೊಡನೆ ವಿಷಯ ತೊಡಕಾಗುತ್ತದೆ. ವಿಳಂಬದಲ್ಲಿ ಸ್ವರಕ್ಕೆ ತೂಗಲು ಸ್ಥಳವಿರುತ್ತದೆ. ವೇಗ ಹೆಚ್ಚಿದಂತೆ ಆ ತೂಗು ಕಿರಿದಾಗಿ, ಮೂರನೆಯ ಕಾಲದಲ್ಲಿ ಒಂದು ಸೋಕಾಗಿ ಮಾತ್ರ ಉಳಿಯುತ್ತದೆ. ಆದುದರಿಂದ ಮೊದಲ ಕಾಲವನ್ನೇ ಓಡಿಸಿದರೆ ಮೂರನೆಯ ಕಾಲ ಆಗುವುದಿಲ್ಲ. ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕೆಂಬುದನ್ನೂ ಕಲಿಯಬೇಕು. ಕಮಾನಿನ ಮಾತೂ ಹೀಗೆಯೇ. ಒಂದನೆಯ ಕಾಲದಲ್ಲಿ ಕಮಾನಿನ ಒಂದೆಳೆತಕ್ಕೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು ಎಂದು ಅಭ್ಯಾಸ ಮಾಡಿಸಿದಾಗ ಬಲಗೈ ಮೂರು ಕಾಲಗಳಲ್ಲಿಯೂ ಒಂದೇ ಸಮನೆ ಚಲಿಸುತ್ತದೆ. ಅವಸರ ಪಡಬೇಕಾದುದು ಎಡಗೈ ಒಂದೇ. ಇದನ್ನರಿಯದೆ ಎರಡು ಕೈಗಳನ್ನೂ ಒಟ್ಟಿಗೆ ಓಡಿಸುವವರ ನಾದ ಕೀಚುಲಾಗದೆ ಮತ್ತೇನಾದೀತು?

ವರ್ಣಗಳ ಹಂತಕ್ಕೆ ಬಂದಾಗ ಈ ಸಾಧನೆಯ ಬೆಲೆ ತಿಳಿಯುತ್ತದೆ. ಪಚ್ಚಿಮಿರಿಯಂ ಆದಿಅಪ್ಪಯ್ಯನವರ ಭೈರವಿ ಅಟತಾಳ ವರ್ಣದಲ್ಲಿ ಆವರ್ತವೊಂದಕ್ಕೆ 14 ಅಕ್ಷರಗಳು. ಅದನ್ನು ಎರಡು ಕಾಲಗಳಲ್ಲಿ ನುಡಿಸುವುದು ಗಟ್ಟಿಗರಿಗೂ ಸತ್ತ್ವಪರೀಕ್ಷೆ. ದುರ್ಗದವರಿಗೆ ಭೈರವಿ ಎಂದೊಡನೆ ತ. ರಾ. ಸುಬ್ಬರಾಯರ ‘ಹಂಸಗೀತೆ’ ನೆನಪಾಗುವುದು ಸಹಜ. 1952ರ ಆ ಕಾದಂಬರಿಯ ನಾಯಕ ಭೈರವಿ ವೆಂಕಟಸುಬ್ಬಯ್ಯ ಈ ಕೋಟೆಯ ಊರಿನ ಗಾಯಕ. ಓದುವವರು ಅವನ ಕಡೆಗಾಲದ ಕಥೆಗೆ ಕಣ್ಣೀರಿಡುತ್ತಾರೆ. ರಾಗವೊಂದು ಮನುಷ್ಯನ ಹೆಸರಿಗೆ ಅಂಟಬೇಕಾದರೆ ಅದೆಷ್ಟು ಬೆಳಗುಗಳು ಒಂದೇ ಸ್ವರದ ಮೇಲೆ ಕಳೆದಿರಬೇಕೆಂದು ಎಣಿಸುವವರು ಕಡಿಮೆ.

ಮೂರನೆಯ ಕಾಲ ಮುಗಿದೊಡನೆ ಪಿಟೀಲು ಕೆಳಗಿಡಬಾರದು. ಮತ್ತೆ ಒಂದನೆಯ ಕಾಲಕ್ಕೆ ಇಳಿದು ಅದೇ ವರಸೆಯನ್ನು ನುಡಿಸಿ ಮುಗಿಸಬೇಕು ಎಂಬ ರೂಢಿಯನ್ನು ಕೆಲವು ಮನೆಗಳಲ್ಲಿ ಇಂದಿಗೂ ಬಿಟ್ಟಿಲ್ಲ. ವೇಗದಿಂದ ಇಳಿದ ಕೈಗೆ ಆ ಮೊದಲ ಸ್ವರ ಸಾಕಷ್ಟು ಉದ್ದವಾಗಿ ನಿಲ್ಲುವುದಿಲ್ಲ. ಕಮಾನು ಅಕ್ಷರ ತುಂಬುವ ಮುನ್ನವೇ ತಿರುಗಲು ನೋಡುತ್ತದೆ. ಕೇಳುತ್ತ ಕುಳಿತ ಗುರುಗಳು ಮರುದಿನ ತಾಳವನ್ನು ಏರಿಸಬೇಕೋ, ಅಲ್ಲಿಯೇ ನಿಲ್ಲಿಸಬೇಕೋ ಎಂದು ನಿರ್ಧರಿಸುವುದು ಆ ಒಂದು ಷಡ್ಜವನ್ನು ಕೇಳಿ.