ಮನೆ ಕೊಡುವುದು ಉಪಕಾರವೇ?

ಒಂಬತ್ತು ಬಾಡಿಗೆ ಮನೆಗಳಲ್ಲಿ ನಾನು ಹಾಲುಕ್ಕಿಸಿದ್ದೇನೆ. 1988ರಲ್ಲಿ ಮದುವೆಯಾಗಿ ಹಾಸನಕ್ಕೆ ಬಂದವಳು, ನಮ್ಮವರ ವರ್ಗಾವಣೆಯ ಹಿಂದೆ ತುಮಕೂರು, ಚಿಕ್ಕಮಗಳೂರು, ದಾವಣಗೆರೆ ಎಂದು ಊರೂರು ಸುತ್ತಿ, 2011ರಲ್ಲಿ ಶಿವಮೊಗ್ಗದಲ್ಲಿ ಸ್ವಂತದ್ದೊಂದು ಸೂರು ಕಾಣುವವರೆಗೆ ಇಪ್ಪತ್ತಮೂರು ವರ್ಷ ಬೇರೆಯವರ ಗೋಡೆಗಳ ನಡುವೆ ಸಂಸಾರ ಮಾಡಿದೆ. ಹಾಲು ಉಕ್ಕುವಾಗಲೆಲ್ಲ ಮನೆಯ ಯಜಮಾನಿ ಪಕ್ಕದಲ್ಲೇ ನಿಂತಿರುತ್ತಿದ್ದರು. ಶುಭ ಹಾರೈಸಲು ಅಂದುಕೊಂಡಿರಾ? ಅಲ್ಲ, ಕಟ್ಟೆಯ ಮೇಲೆ ಹಾಲು ಚೆಲ್ಲಿ ಕಲೆಯಾದೀತೆಂದು ಕಾಯಲು.

ಹೆಣ್ಣು ನೋಡುವ ಶಾಸ್ತ್ರವನ್ನು ನಾವು ಹೆಂಗಸರು ಸಾಕಷ್ಟು ಬೈದಿದ್ದೇವೆ, ಬೈಯಬೇಕಾದದ್ದೇ. ಆದರೆ ಮದುವೆಗೆ ನನ್ನನ್ನು ನೋಡಲು ಬಂದದ್ದು ಮೂರೇ ಸಲ. ಮನೆ ಹುಡುಕುವಾಗ ಎಷ್ಟು ಸಲ ನೋಡಿಸಿಕೊಂಡೆನೋ ಲೆಕ್ಕವಿಟ್ಟಿಲ್ಲ. 'ನೀವು ಯಾವ ಜನ?' ಎಂಬಲ್ಲಿಂದ ಶುರು. 'ಮೊಟ್ಟೆಗಿಟ್ಟೆ ತಿನ್ನೋದುಂಟಾ? ಮಕ್ಕಳು ಎಷ್ಟು? ಇನ್ನೂ ಆಗೋದಿದೆಯಾ? ಅತ್ತೆ ಮಾವ ಬಂದು ಇರ್ತಾರಾ? ಊರಿನಿಂದ ನೆಂಟರು ಬರೋದು ಜಾಸ್ತಿಯಾ?' ನಮ್ಮವರು ಪಕ್ಕದಲ್ಲೇ ಕೂತಿದ್ದರೂ ಈ ಪ್ರಶ್ನೆಗಳೆಲ್ಲ ನನ್ನ ಕಡೆಗೇ ಬರುತ್ತಿದ್ದವು. ಅವರನ್ನು ಕೇಳುತ್ತಿದ್ದದ್ದು ಒಂದೇ: 'ಸಂಬಳ ಯಾವತ್ತು ಬರುತ್ತೆ ಸಾರ್?' ಹೆಣ್ಣು ನೋಡಲು ಬಂದವರಿಗಾದರೂ ಉಪ್ಪಿಟ್ಟು ಕಾಫಿ ಕೊಟ್ಟು ಕಳಿಸುತ್ತಿದ್ದೆವು. ಇಲ್ಲಿ ನಾವೇ ಹೋಗಿ, ಬಾಗಿಲಲ್ಲೇ ನಿಂತು, ಇನ್ನೊಬ್ಬರಿಗೆ ಒಪ್ಪಿಗೆಯಾಗಲೆಂದು ಕಾಯಬೇಕು.

ದಲ್ಲಾಳಿಯ ಕಥೆ ಬೇರೆಯೇ. 'ಓನರ್ ದೇವರಂಥೋರು ಅಮ್ಮಾ, ನೀರು ಇಪ್ಪತ್ತನಾಲ್ಕು ಗಂಟೆ' ಎಂದು ಹೇಳಿ ನಮ್ಮಿಂದ ಒಂದು ತಿಂಗಳ ಬಾಡಿಗೆ ಎಣಿಸಿಕೊಳ್ಳುತ್ತಾನೆ. ಓನರಿನಿಂದಲೂ ತನ್ನ ಪಾಲು ಇಸಿದುಕೊಳ್ಳುತ್ತಾನೆ. ನೀರು ಬರುವುದು ಮೂರು ದಿನಕ್ಕೊಮ್ಮೆ ಎಂದು ಗೊತ್ತಾಗುವ ಹೊತ್ತಿಗೆ ಅವನು ಮಾಯ. ದಾವಣಗೆರೆಯಲ್ಲಿ ನಮಗೆ ಮನೆ ಕೊಡಿಸಿದಾತ ಮತ್ತೆ ನನ್ನ ಕಣ್ಣಿಗೆ ಬಿದ್ದದ್ದು, ನಾವಿನ್ನೂ ಒಳಗೆ ಸಂಸಾರ ಮಾಡುತ್ತಿರುವಾಗಲೇ ಇನ್ನೊಂದು ಕುಟುಂಬಕ್ಕೆ ಅದೇ ಮನೆ ತೋರಿಸಲು ಬಂದಾಗ. ಯೋಚಿಸಿ ನೋಡಿ. ನಾವು ಒಂದೇ ಮನೆಯಲ್ಲಿ ಹತ್ತು ವರ್ಷ ನೆಮ್ಮದಿಯಾಗಿದ್ದರೆ ಅವನಿಗೇನು ಲಾಭ? ವರ್ಷಕ್ಕೊಮ್ಮೆ ಖಾಲಿ ಮಾಡಿದರಲ್ಲವೇ ಅವನ ಹೊಟ್ಟೆ ತುಂಬುವುದು?

ಇಷ್ಟೆಲ್ಲ ಬರೆದು, ತುಮಕೂರಿನ ಮನೆಯ ವಿಷಯ ಬರೆಯದಿದ್ದರೆ ತಪ್ಪಾಗುತ್ತದೆ. 1995ರ ಬೇಸಿಗೆ. ತಂಗಿಯ ಬಾಣಂತನ ನನ್ನ ಪಾಲಿಗೆ ಬಂದಿತ್ತು. ಅಮ್ಮ ತೀರಿಹೋಗಿದ್ದರು, ತವರೆಂದು ಉಳಿದದ್ದು ನನ್ನ ಮನೆಯೊಂದೇ. ಹನ್ನೆರಡು ದಿನದ ಮಗು, ಹಸಿ ಬಾಣಂತಿ. ಬೆಳಿಗ್ಗೆ ನೀರು ಕಾಯಿಸೋಣವೆಂದು ಬಚ್ಚಲಿನ ನಲ್ಲಿ ತಿರುಗಿಸಿದರೆ ಹನಿಯೂ ಇಲ್ಲ. ತೊಟ್ಟಿಯಲ್ಲಿ ನೀರಿದೆ, ಮೇಲಿನ ಟ್ಯಾಂಕಿನಲ್ಲೂ ಇದೆ, ನಮ್ಮ ಕಡೆಯ ವಾಲ್ವು ಮಾತ್ರ ಬಂದ್. ಹೋಗಿ ಕೇಳಿದರೆ ಯಜಮಾನಿ ತಣ್ಣಗೆ ಹೇಳಿದರು: 'ನಾಲ್ಕು ಜನಕ್ಕೆ ಅಂತ ಮನೆ ಕೊಟ್ಟಿದ್ದು ಕಣ್ರೀ. ಬಾಣಂತನ ಮಾಡ್ತೀವಿ ಅಂತ ಮೊದಲೇ ಹೇಳಿದ್ರಾ?'

ಆಕೆ ಮೂರು ಹೆತ್ತ ತಾಯಿ. ಆ ಮಾತಿಗಿಂತ ಹೆಚ್ಚು ಇವತ್ತಿಗೂ ನನ್ನನ್ನು ಚುಚ್ಚುವುದು ನಾನು ಕೊಟ್ಟ ಉತ್ತರ. 'ತಪ್ಪಾಯ್ತು ಅಮ್ಮಾ, ಇನ್ನೆರಡು ವಾರ, ದಯವಿಟ್ಟು ನೀರು ಬಿಡಿ' ಎಂದು ಕೈಮುಗಿದೆ. ತಿಂಗಳ ಐದನೇ ತಾರೀಕಿಗೆ ತಪ್ಪದೆ ಬಾಡಿಗೆ ಕೊಡುತ್ತಿದ್ದವಳು ನಾನು. ನೀರಿಗೆ ಬೇರೆ ಹಣ, ಬೀದಿದೀಪಕ್ಕೆಂದು ಬೇರೆ ಹಣ ಕೊಡುತ್ತಿದ್ದವಳು. ನಾನೇಕೆ ಕೈಮುಗಿದೆ? ಯಾವ ತಪ್ಪಿಗೆ?

ಉತ್ತರ ಹೊಳೆಯಲು ಬಹಳ ವರ್ಷ ಬೇಕಾಯಿತು. ಮನೆ ಕೊಡುವುದನ್ನು ಅವರು ಉಪಕಾರವೆಂದು ತಿಳಿದಿದ್ದಾರೆ, ನಾವೂ ಹಾಗೆಯೇ ತಿಳಿದುಬಿಟ್ಟಿದ್ದೇವೆ. ಕಿರಾಣಿ ಅಂಗಡಿಯವನು ಅಕ್ಕಿ ಕೊಟ್ಟು ದುಡ್ಡು ಇಸಿದುಕೊಂಡರೆ, ಅನ್ನಕ್ಕೆ ಎಷ್ಟು ಜನ ಕೂರುತ್ತೀರಿ ಎಂದು ನಮ್ಮ ಅಡುಗೆಮನೆಗೆ ಬಂದು ಇಣುಕುವುದಿಲ್ಲ. ಮನೆ ಬಾಡಿಗೆಗೆ ಕೊಡುವುದೂ ಒಂದು ವ್ಯಾಪಾರ. ಅದರಲ್ಲಿ ದಾನವೂ ಇಲ್ಲ, ಋಣವೂ ಇಲ್ಲ. ಇಷ್ಟು ಸಣ್ಣ ಸತ್ಯ ನಮ್ಮ ತಲೆಗೆ ಹತ್ತದಿರುವುದರಿಂದಲೇ ಗೋಡೆಗೆ ಮೊಳೆ ಹೊಡೆಯಲು ಹೆದರುತ್ತೇವೆ, ರಾತ್ರಿ ಒಂಬತ್ತಾದ ಮೇಲೆ ಮಿಕ್ಸಿ ಹಾಕಲು ಹೆದರುತ್ತೇವೆ, ಮಕ್ಕಳು ನಕ್ಕರೆ ಬಾಯಿ ಮುಚ್ಚಿಸುತ್ತೇವೆ.

ಈ ಹೆದರಿಕೆಯ ಬೇರು ಅಡ್ವಾನ್ಸಿನಲ್ಲಿದೆ. 'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಎಂಬ ಗಾದೆ ಬಾಡಿಗೆದಾರರನ್ನು ನೋಡಿಯೇ ಹುಟ್ಟಿರಬೇಕು. ದಾವಣಗೆರೆಯ ಮನೆ ಬಿಡುವ ದಿನ ಲಾರಿ ಬಾಗಿಲಲ್ಲಿ ನಿಂತಿತ್ತು, ಸಾಮಾನು ಏರಿಸಿಯಾಗಿತ್ತು. ಮೂವತ್ತು ಸಾವಿರ ನಮ್ಮ ಅಡ್ವಾನ್ಸು. ಮನೆಯ ಯಜಮಾನರು ಕನ್ನಡಕ ಹಾಕಿಕೊಂಡು ಕೋಣೆ ಕೋಣೆ ಸುತ್ತಿ ಮೊಳೆ ಎಣಿಸಿದರು. ಹದಿನೇಳು! ನಾವು ಬರುವಾಗಲೇ ಇದ್ದದ್ದು ಎಷ್ಟು, ನಾವು ಹೊಡೆದದ್ದು ಎಷ್ಟು ಎಂದು ಯಾರು ಬರೆದಿಟ್ಟಿದ್ದರು? ಮೊಳೆಗೆ, ಬಣ್ಣಕ್ಕೆ, ಸೋರುವ ನಲ್ಲಿಗೆ, ಬಿರುಕುಬಿಟ್ಟ ಸಿಂಕಿಗೆ ಎಂದು ಮುರಿದುಕೊಂಡು ಹತ್ತೊಂಬತ್ತು ಸಾವಿರ ಕೈಗಿಟ್ಟರು. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಜಗಳವಾಡಲು ನಮಗೆ ಹೊತ್ತಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ಸಾವಿರ ರೂಪಾಯಿ! ಮಗಳ ಕಾಲೇಜು ಫೀಸಿಗೆಂದು ನಾನು ಲೆಕ್ಕ ಹಾಕಿಟ್ಟಿದ್ದ ಹಣ.

ಕಾನೂನಿಲ್ಲವೇ ಎಂದು ನೀವು ಕೇಳಬಹುದು. ಇದೆ, ಕಪಾಟಿನಲ್ಲಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಹೇಳುತ್ತದೆ: ಬಾಡಿಗೆದಾರ ಮನೆಯನ್ನು ಕೊಟ್ಟ ಸ್ಥಿತಿಯಲ್ಲೇ ಹಿಂತಿರುಗಿಸಬೇಕು ನಿಜ, ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ಐದು ವರ್ಷ ಜನ ಬಾಳಿದ ಗೋಡೆಯ ಬಣ್ಣ ಮಾಸದೆ ಇರುತ್ತದೆಯೇ? ನಮ್ಮ ರಾಜ್ಯದ 1999ರ ಬಾಡಿಗೆ ಕಾಯಿದೆ 2001ರ ಕೊನೆಯ ದಿನ ಜಾರಿಗೆ ಬಂತು. ಮಧ್ಯವರ್ತಿಗಳು ನೋಂದಾಯಿಸಿಕೊಳ್ಳಬೇಕೆಂಬ ಕಲಮೂ ಅದರಲ್ಲಿದೆ. ನಮಗೆ ಮನೆ ತೋರಿಸಿದ ಒಬ್ಬನಾದರೂ ಅಂಥ ಚೀಟಿ ತೋರಿಸಿದ್ದನ್ನು ನಾನು ಕಂಡಿಲ್ಲ. ಅದೂ ಹೋಗಲಿ ಎಂದರೆ, ಬಾಡಿಗೆ ಬೆಂಗಳೂರಿನಂಥ ದೊಡ್ಡ ಊರಲ್ಲಿ 3500 ರೂಪಾಯಿ, ಉಳಿದ ಕಡೆ 2000 ರೂಪಾಯಿ ಮೀರಿದ ಮನೆಗಳನ್ನು ಆ ಕಾಯಿದೆಯಿಂದ ಹೊರಗಿಟ್ಟೇ ಅದನ್ನು ಬರೆದರು. ಇವತ್ತು ಎರಡು ಸಾವಿರಕ್ಕೆ ನಮ್ಮೂರಲ್ಲಿ ದನದ ಕೊಟ್ಟಿಗೆಯಾದರೂ ಸಿಕ್ಕೀತೇ?

2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಮಾದರಿ ಬಾಡಿಗೆ ಕಾಯಿದೆಯೊಂದನ್ನು ಒಪ್ಪಿತು. ಅದನ್ನು ಓದಿದಾಗ ನನಗೆ ಕನಸು ಕಂಡಂತಾಯಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಕೂಡದು. ಖಾಲಿ ಮನೆ ವಶಕ್ಕೆ ಪಡೆದ ದಿನವೇ ಬರಬೇಕಾದ ಬಾಕಿ ಕಳೆದು ಠೇವಣಿ ಹಿಂತಿರುಗಿಸಬೇಕು. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಮಾಲೀಕರ ಜವಾಬ್ದಾರಿ. ಒಳಗೆ ಬರುವುದಿದ್ದರೆ ಇಪ್ಪತ್ತನಾಲ್ಕು ಗಂಟೆ ಮೊದಲು ತಿಳಿಸಬೇಕು. ನೀರು, ಕರೆಂಟು ನಿಲ್ಲಿಸಕೂಡದು. ನನ್ನ ತಂಗಿಯ ಬಾಣಂತನದ ಕಥೆಯನ್ನು ಯಾರೋ ದೆಹಲಿಗೆ ಹೋಗಿ ಹೇಳಿ ಬಂದಂತಿತ್ತು! ಆದರೆ ಅದು ಹೆಸರಿಗೆ ತಕ್ಕಂತೆ ಮಾದರಿ ಮಾತ್ರ. ಒಂದೊಂದು ರಾಜ್ಯವೂ ಮನಸ್ಸು ಮಾಡಿ ಅದನ್ನು ತನ್ನ ಕಾನೂನಾಗಿಸಿಕೊಂಡರೇ ಅದಕ್ಕೆ ಜೀವ.

ಮನೆ ಕೊಡುವವರಿಗೂ ನೋವಿದೆ, ಇಲ್ಲವೆನ್ನುವುದಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಲ್ಲಿ ಒಳಸೇರಿದವರನ್ನು ಬಿಡಿಸಲು ವರ್ಷಗಟ್ಟಲೆ ಕೋರ್ಟು ಅಲೆದವರು ಎಲ್ಲ ಊರಲ್ಲೂ ಸಿಗುತ್ತಾರೆ. ಗಂಡ ಸತ್ತ ಮೇಲೆ ಒಂದು ಕೋಣೆಯ ಬಾಡಿಗೆಯಲ್ಲೇ ಔಷಧಿ ಕೊಳ್ಳುವ ಮುದುಕಿಯರಿದ್ದಾರೆ. ಅವರ ಹೆದರಿಕೆ ಸುಳ್ಳಲ್ಲ. ಆದರೆ ಆ ಹೆದರಿಕೆಗೆ ಮದ್ದು ಸರಿಯಾದ ಕರಾರು ಪತ್ರವೇ ಹೊರತು ಬಾಡಿಗೆಗಿರುವವರ ಪಾತ್ರೆಯೊಳಗೆ ಇಣುಕುವುದಲ್ಲ. ಕೋರ್ಟು ನಿಧಾನವಾದ ಸಿಟ್ಟನ್ನು ಬಾಣಂತಿಯ ಬಿಸಿನೀರಿನ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ?

ಕಾಲ ಬದಲಾಗಿದೆಯಂತೆ. ನನ್ನ ಮಗಳು 2019ರಲ್ಲಿ ಕೆಲಸಕ್ಕೆಂದು ಬೆಂಗಳೂರಿಗೆ ಹೋದಳು. ಅಲ್ಲಿ ಅಡ್ವಾನ್ಸು ಹತ್ತು ತಿಂಗಳದ್ದು ಎಂಬುದು ಬಹುಕಾಲದ ರೂಢಿ, ಆರಕ್ಕೆ ಇಳಿಸಿದರೆ ಔದಾರ್ಯ. 'ಹುಡುಗೀರಿಗೆ ಕೊಡೋಲ್ಲ, ಫ್ಯಾಮಿಲಿಗೆ ಮಾತ್ರ' ಎಂದರು ಒಬ್ಬರು. ಕೊಟ್ಟವರು ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ ಎಂದರು. ತಿಂಗಳ ಬಾಡಿಗೆ ದುಡಿದು ಕೊಡುವವಳು ಅವಳು, ಒಳಬರುವ ಹೊತ್ತು ನಿಗದಿ ಮಾಡುವವರು ಅವರು. 'ಅಮ್ಮಾ, ಹೆಸರು ಕೇಳಿದ ಮೇಲೆ ಅಡ್ಡಹೆಸರೇನು ಅಂತಾರೆ, ಯಾಕೆ?' ಎಂದು ಫೋನಿನಲ್ಲಿ ಕೇಳಿದಳು. ಯಾಕೆಂದು ನನಗೆ ಗೊತ್ತಿತ್ತು. ಜಾತಿಯನ್ನು ನೇರವಾಗಿ ಕೇಳಲು ಈಗ ನಾಚಿಕೆ, ಕೇಳದೆ ಇರಲು ಮನಸ್ಸಿಲ್ಲ.

ಹಾಗೆಂದು ಹಲ್ಲು ಕಡಿದವಳು ನಾನು. ಇನ್ನು ನನ್ನ ಸರದಿಯನ್ನೂ ಹೇಳಿಬಿಡುತ್ತೇನೆ. ಶಿವಮೊಗ್ಗದ ಮನೆಗೆ ಮಹಡಿ ಎತ್ತಿಸಿ 'ಟು ಲೆಟ್' ಬೋರ್ಡು ತೂಗುಹಾಕಿದೆವು. ಮೊದಲು ಬಂದವಳು ಆಸ್ಪತ್ರೆಯಲ್ಲಿ ನರ್ಸ್ ಕೆಲಸದ ಹುಡುಗಿ, ಜೊತೆಗೆ ಅವಳ ತಾಯಿ. ಮನೆ ತೋರಿಸಿದೆ. ಇಬ್ಬರಿಗೂ ಇಷ್ಟವಾಯಿತು. ಮೆಟ್ಟಿಲಿಳಿಯುವಾಗ ನನ್ನ ಬಾಯಿಂದ ಬಂತು ಆ ಮಾತು: 'ನೀವು ಯಾವ ಜನ?' ಕೇಳಬೇಕೆಂದು ಯೋಚಿಸಿರಲಿಲ್ಲ, ತಾನಾಗಿ ಬಂತು. ಒಂಬತ್ತು ಮನೆಗಳಲ್ಲಿ ಕೇಳಿ ಕೇಳಿ ನಾಲಗೆಗೆ ಅಂಟಿಕೊಂಡದ್ದು. ಹುಡುಗಿ ಏನೂ ಹೇಳಲಿಲ್ಲ. ಅವಳ ತಾಯಿ ಮಾತ್ರ ನನ್ನ ಮುಖವನ್ನು ಒಂದು ಕ್ಷಣ ನೋಡಿ, 'ಬರ್ತೀವಮ್ಮಾ' ಎಂದು ಗೇಟು ಹಾಕಿಕೊಂಡು ಹೋದರು. ಮತ್ತೆ ಬರಲಿಲ್ಲ. ಆ ಹೆಂಗಸಿನ ಕಣ್ಣಲ್ಲಿ ತುಮಕೂರಿನ ನನ್ನನ್ನೇ ನಾನು ನೋಡಿದೆ. ಈ ಸಲ ವಾಲ್ವು ತಿರುಗಿಸಿದ್ದು ನನ್ನ ಕೈ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಸೊಸೆಯಾಗಿ ಅತ್ತವಳೇ ಅತ್ತೆಯಾಗಿ ಅಳಿಸುತ್ತಾಳೆ ಎಂದು ಗಂಡಸರು ನಮ್ಮನ್ನು ಆಡಿಕೊಳ್ಳುವುದುಂಟು. ಬಾಡಿಗೆ ಮನೆಯ ವಿಷಯದಲ್ಲಿ ಆ ಮಾತನ್ನು ನಾವು ನಿಜ ಮಾಡಿ ತೋರಿಸುತ್ತಿಲ್ಲವೇ? ನಲ್ಲಿ ಬಂದ್ ಮಾಡುವವಳೂ ಹೆಂಗಸು, ಬಿಂದಿಗೆ ಹಿಡಿದು ಬೇಡುವವಳೂ ಹೆಂಗಸು. ಕರಾರು ಪತ್ರದಲ್ಲಿ ಮಾತ್ರ ಎರಡೂ ಕಡೆ ಗಂಡಸರ ರುಜು.

ಆದ್ದರಿಂದ ನಾನು ಹೇಳುವುದು ಇಷ್ಟು. ಮನೆ ಹಿಡಿಯುವ ಅಕ್ಕತಂಗಿಯರೇ, ಕರಾರಿನಲ್ಲಿ ನಿಮ್ಮ ಹೆಸರೂ ಇರಲಿ. ಹನ್ನೊಂದು ತಿಂಗಳ ಕರಾರೆಂದರೆ ಹನ್ನೆರಡನೇ ತಿಂಗಳು ಬೀದಿಗೆ ಎಂದಲ್ಲ. ಒಂದು ವರ್ಷ ಮೀರಿದ ಕರಾರಿಗೆ 1908ರ ಕಾಯಿದೆಯಂತೆ ನೋಂದಣಿ ಕಡ್ಡಾಯ, ಆ ಖರ್ಚು ತಪ್ಪಿಸಲು ಹುಟ್ಟಿದ ಲೆಕ್ಕ ಅದು. ಅವಧಿ ಮುಗಿದರೂ ಸಾಮಾನು ಹೊರಗೆಸೆಯುವ ಹಕ್ಕು ಯಾರಿಗೂ ಇಲ್ಲ, ಬಿಡಿಸಬೇಕಾದರೆ ಕಾನೂನಿನ ದಾರಿಯಲ್ಲೇ ಬಿಡಿಸಬೇಕು. ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಕೊಡಿ. ಕೈಗೆ ಕೊಟ್ಟರೆ ರಸೀದಿ ಕೇಳಿ, ಮುಖ ಸಿಂಡರಿಸಿದರೂ ಕೇಳಿ. ಹಾಲುಕ್ಕಿಸುವ ಮೊದಲೇ ಪ್ರತಿ ಗೋಡೆ, ಪ್ರತಿ ನಲ್ಲಿ, ಪ್ರತಿ ಮೊಳೆಯ ಫೋಟೋ ತೆಗೆದಿಡಿ. ಬಣ್ಣ ಯಾರದು, ಅಡ್ವಾನ್ಸು ಯಾವ ದಿನ ಹಿಂದಕ್ಕೆ ಎಂಬುದನ್ನು ಬರೆಸಿಕೊಳ್ಳಿ. 2023ರಲ್ಲಿ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ ಎಂದು ತಿಳಿದಿರಿ. ಮೀಟರಿನ ಆರ್.ಆರ್. ನಂಬರ್ ಕೇಳುವುದು ಅಧಿಕಪ್ರಸಂಗವಲ್ಲ.

ಮನೆ ಕೊಡುವ ಅಮ್ಮಂದಿರೇ, ಬಾಡಿಗೆ ಕೇಳಿ, ಗುರುತಿನ ಚೀಟಿ ಕೇಳಿ, ಕೆಲಸ ಎಲ್ಲಿ ಎಂದು ಕೇಳಿ. ಯಾವ ಜನ ಎಂದು ಕೇಳಬೇಡಿ. ಅವರ ಅನ್ನದಲ್ಲಿ ಏನಿದೆ, ಅವರ ಮನೆಗೆ ಯಾರು ಬಂದರು ಎಂಬುದಕ್ಕೆ ನಿಮಗೆ ಬಾಡಿಗೆ ಸಂದಾಯವಾಗುತ್ತಿಲ್ಲ.

ಆ ನರ್ಸ್ ಹುಡುಗಿ ಯಾವ ಬೀದಿಯಲ್ಲಿ ಮನೆ ಹಿಡಿದಳೋ ನನಗೆ ತಿಳಿಯದು. ಅನಂತರ ನಮ್ಮ ಮಹಡಿಗೆ ಬಂದವರಿಂದ ಎರಡು ತಿಂಗಳ ಅಡ್ವಾನ್ಸು ಮಾತ್ರ ತೆಗೆದುಕೊಂಡೆವು. ಕರಾರಿಗೆ ನಾನೂ ರುಜು ಹಾಕಿದೆ, ಆ ಮನೆಯಾಕೆಯೂ ಹಾಕಿದಳು. ಅವರು ಹಾಲುಕ್ಕಿಸುವ ದಿನ ನನ್ನನ್ನೂ ಕರೆದರು. ಹೋದೆ. ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಆಕೆ ಗಾಬರಿಯಿಂದ ನನ್ನ ಮುಖ ನೋಡಿ ಒರೆಸಲು ಬಟ್ಟೆ ಹುಡುಕಿದಳು. 'ಹರೀಲಿ ಬಿಡಮ್ಮಾ, ಉಕ್ಕಬೇಕು ಅಂತ ತಾನೇ ಇಟ್ಟಿದ್ದು' ಎಂದೆ.