ವಿಶ್ರಾಂತಿವೇತನವು ದಾನವಲ್ಲ

ಪ್ರಜೆಗಳ ಸೇವೆಯಲ್ಲಿ ತನ್ನ ಆಯುಷ್ಯದ ಸತ್ವವನ್ನು ಸವೆಸಿದ ನೌಕರನಿಗೆ ಸರಕಾರವು ಕೊಡುವ ವಿಶ್ರಾಂತಿವೇತನವು ದಾನವೋ ಋಣವೋ ಎಂಬ ಪ್ರಶ್ನೆಯು ನಮ್ಮ ದಫ್ತರಗಳಲ್ಲಿ ಇನ್ನೂ ಇತ್ಯರ್ಥವಾಗದಂತೆ ತೋರುತ್ತದೆ. ನ್ಯಾಯಾಸ್ಥಾನವಾದರೋ ಇದನ್ನು ಎಂದೋ ಇತ್ಯರ್ಥಗೊಳಿಸಿದೆ. ಪಿಂಚಣಿಯು ನೌಕರನ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ದೇವಕೀನಂದನ ಪ್ರಸಾದರ ಮೊಕದ್ದಮೆಯಲ್ಲಿ ಸಾರಿತು. ಅದು ಧಣಿಯ ಮರ್ಜಿಯಿಂದ ಬರುವ ಇನಾಮಲ್ಲ, ಹಿಂದೆ ಸಲ್ಲಿಸಿದ ಸೇವೆಯ ಪ್ರತಿಫಲವೆಂದು 1982ರ ಡಿಸೆಂಬರ್ 17ರಂದು ನಕಾರಾ ಮೊಕದ್ದಮೆಯಲ್ಲಿ ಮತ್ತೊಮ್ಮೆ ತೀರ್ಪಿತ್ತಿತು. ಆ ದಿನವನ್ನು ದೇಶದ ಪಿಂಚಣಿದಾರರು ಇಂದಿಗೂ ತಮ್ಮ ದಿನವೆಂದು ಆಚರಿಸುತ್ತಾರೆ. ಋಣವೆಂದು ಒಪ್ಪಿದ ಮೇಲೆ ಅದನ್ನು ತೀರಿಸುವ ಬಗೆಯನ್ನು ಕಾಯಿದೆಯಲ್ಲಿ ಬರೆದಿಡುವುದು ಋಣಿಯ ಧರ್ಮ. ಈ ಧರ್ಮದಲ್ಲಿ ನಮ್ಮ ರಾಜ್ಯವು ಎಲ್ಲಿ ಕುಂದಿದೆ ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಈ ಮಾತನ್ನು ಬೆಳಗಾವಿಯ ನೆಲದಿಂದ ಹೇಳುವುದಕ್ಕೆ ಕಾರಣವುಂಟು. 1956ರ ನವೆಂಬರ್ 1ರಂದು ಚಂದಗಡ ತಾಲೂಕೊಂದನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಬಿಡುಗಡೆ ಹೊಂದಿ ಕನ್ನಡಿಗರ ಒಂದಾದ ರಾಜ್ಯವನ್ನು ಸೇರಿತು. ಮುಂಬಯಿ, ಹೈದರಾಬಾದ, ಮದರಾಸು, ಕೊಡಗು, ಮೈಸೂರು ಎಂಬ ಐದು ಆಡಳಿತಗಳ ನೌಕರರು ಒಂದೇ ಸೂರಿನ ಕೆಳಗೆ ಬಂದರು. ನಮ್ಮ ಮಾಮಲೇದಾರ ಕಚೇರಿಯ ಕಾರಕೂನನಿಗೂ ಸರಕಾರಿ ಸಾಲೆಯ ಮಾಸ್ತರನಿಗೂ ಆಗ ಇದ್ದ ಭಯವೊಂದೇ: ಹಳೆಯ ಸರಕಾರವು ಕೊಟ್ಟ ಮಾತನ್ನು ಹೊಸ ಸರಕಾರವು ನಡೆಸೀತೆ? ರಾಜ್ಯ ಪುನರ್ವಿಂಗಡಣೆಯ ಕಾಯಿದೆಯ 115ನೆಯ ಕಲಮು ಅದಕ್ಕೆ ಉತ್ತರ ಕೊಟ್ಟಿತು. ವಿಲೀನದ ಮುನ್ನಾದಿನ ನೌಕರನಿಗಿದ್ದ ಸೇವಾ ನಿಬಂಧನೆಗಳನ್ನು, ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದೆ, ಅವನಿಗೆ ಹಾನಿಯಾಗುವಂತೆ ಮಾರ್ಪಡಿಸಕೂಡದು ಎಂದು ಅದು ವಿಧಿಸಿತು. ಏಕೀಕರಣವು ಕೇವಲ ಗಡಿಗಳ ಕೂಡುವಿಕೆಯಾಗಿರದೆ ಕೊಟ್ಟ ಮಾತುಗಳ ಕೂಡುವಿಕೆಯೂ ಆಗಿದ್ದಿತು. ಕನ್ನಡ ರಾಜ್ಯವು ಹುಟ್ಟಿದ್ದು ಈ ತತ್ವವನ್ನು ಕೈಯಲ್ಲಿ ಹಿಡಿದುಕೊಂಡು ಎಂಬುದನ್ನು ನಾವು ಮರೆಯಲಾಗದು.

ಸರಿಯಾಗಿ ಐವತ್ತನೆಯ ವರ್ಷದಲ್ಲಿ ಈ ತತ್ವಕ್ಕೆ ಪರೀಕ್ಷೆ ಬಂದಿತು. 2006ರ ಏಪ್ರಿಲ್ 1ರಿಂದ ರಾಜ್ಯ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿಯಿಲ್ಲ. ಹೊಸ ಪದ್ಧತಿಯೆಂಬ ಖಾತೆಯುಂಟು. ಕೇಂದ್ರವು ತನ್ನ ನೌಕರರಿಗೆ ಇದನ್ನು 2004ರ ಜನವರಿ 1ರಿಂದಲೇ ತಂದಿತ್ತು. ಹಳೆಯ ಪದ್ಧತಿಯಲ್ಲಿ ಪೂರ್ಣ ಸೇವೆ ಸಲ್ಲಿಸಿದವನಿಗೆ ಕೊನೆಯ ಮೂಲವೇತನದ ಅರ್ಧವು ಬದುಕಿರುವತನಕ ನಿಶ್ಚಿತವಾಗಿತ್ತು. ಹೊಸದರಲ್ಲಿ ನೌಕರನು ತನ್ನ ಮೂಲವೇತನ ಮತ್ತು ತುಟ್ಟಿಭತ್ಯದಲ್ಲಿ ನೂರಕ್ಕೆ 10ರಂತೆ ಕಟ್ಟುತ್ತಾನೆ, ಸರಕಾರವೂ ತನ್ನ ಪಾಲನ್ನು ಸೇರಿಸುತ್ತದೆ, ಮೊತ್ತವು ಪೇಟೆಯಲ್ಲಿ ತೊಡಗಿ ಏರುತ್ತ ಇಳಿಯುತ್ತ ಇರುತ್ತದೆ. ನಿವೃತ್ತಿಯ ದಿನ ಅದರ ನೂರರಲ್ಲಿ 40 ಪಾಲಾದರೂ ವರ್ಷಾಶನವನ್ನು ಕೊಳ್ಳಲು ಹೋಗಬೇಕು. ತಿಂಗಳಿಗೆ ಕೈಗೆ ಬರುವುದೆಷ್ಟೆಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ.

ಮೂವತ್ತು ವರ್ಷ ದುಡಿದವನಿಗೆ ಈ ಪದ್ಧತಿಯು ಒಳ್ಳೆಯದೋ ಕೆಟ್ಟದ್ದೋ ಎಂಬುದು ವಾದಕ್ಕೆ ಆಸ್ಪದವಿರುವ ವಿಷಯ. ಐದನೆಯ ವರ್ಷದಲ್ಲಿಯೇ ಕೈ ಕಾಲು ಕಳೆದುಕೊಂಡವನ ವಿಷಯದಲ್ಲಿ ವಾದಕ್ಕೆ ಆಸ್ಪದವೇ ಇಲ್ಲ. ಖಾತೆಯು ಬೆಳೆಯುವುದು ವರ್ಷಗಳಿಂದ; ಅಪಘಾತವು ವರ್ಷಗಳನ್ನು ಎಣಿಸಿ ಬರುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಏಳನೆಯ ವೇತನ ಆಯೋಗದ ಮೇರೆಗೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಕನಿಷ್ಠ ಮೂಲವೇತನವು 27,000 ರೂಪಾಯಿ. ಇದರ ಮೇಲೆ ನೌಕರನ ಪಾಲು ತಿಂಗಳಿಗೆ 2,700. ಸರಕಾರದ ಪಾಲನ್ನು ಉದಾರವಾಗಿ ನೂರಕ್ಕೆ 14 ಎಂದು ಹಿಡಿದರೆ 3,780. ಐದು ವರ್ಷಕ್ಕೆ ಕೂಡಿದ ಅಸಲು 3,88,800 ರೂಪಾಯಿ. ಒಂದು ಕಾಸನ್ನೂ ಖರ್ಚು ಮಾಡದೆ ಎಲ್ಲವನ್ನೂ ನೂರಕ್ಕೆ 6ರ ಬಡ್ಡಿಗೆ ಇಟ್ಟರೂ ತಿಂಗಳಿಗೆ ಬರುವುದು 1,944 ರೂಪಾಯಿ. ತುಟ್ಟಿಭತ್ಯದ ಪಾಲನ್ನೂ ಗಳಿಕೆಯನ್ನೂ ಸೇರಿಸಿ ಇದನ್ನು ಇಮ್ಮಡಿ ಮಾಡಿದರೂ 4,000 ಮುಟ್ಟುವುದಿಲ್ಲ. ಹಳೆಯ ಪದ್ಧತಿಯವರಿಗೆ ಇದೇ ಸರಕಾರವು ಕನಿಷ್ಠವೆಂದು ಒಪ್ಪಿದ ಪಿಂಚಣಿಯು 13,500 ರೂಪಾಯಿ. ಖಾನಾಪುರದ ಮಳೆಗಾಡಿನಲ್ಲಿ ಕಾಡುಪ್ರಾಣಿಗೆ ಸಿಕ್ಕ ಅರಣ್ಯರಕ್ಷಕನಾಗಲಿ, ದಂಗೆಯಲ್ಲಿ ಕಣ್ಣು ಕಳೆದುಕೊಂಡ ಪೊಲೀಸನಾಗಲಿ ಬರಿಯ ಖಾತೆಯನ್ನೇ ನಂಬಿ ಬಾಳುವುದು ಹೇಗೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ನಡತೆಯು ಪ್ರಜಾಸರಕಾರಕ್ಕೆ ಒಪ್ಪುವಂಥದಲ್ಲ.

ಅಂಗವಿಕಲನಾದ ನೌಕರನನ್ನು ಮನೆಗೆ ಕಳಿಸುವುದಕ್ಕೂ ಕಾಯಿದೆಯು ಅಡ್ಡವಾಗಿ ನಿಂತಿದೆ ಎಂಬುದನ್ನು ಅನೇಕ ಅಧಿಕಾರಿಗಳು ಅರಿಯದಂತೆ ನಡೆದುಕೊಳ್ಳುತ್ತಾರೆ. 1995ರ ಕಾಯಿದೆಯ 47ನೆಯ ಕಲಮು, ಅದರ ಸ್ಥಾನಕ್ಕೆ ಬಂದ 2016ರ ಕಾಯಿದೆಯ 20ನೆಯ ಕಲಮು, ಎರಡೂ ಒಂದೇ ಮಾತನ್ನು ಹೇಳುತ್ತವೆ: ಸೇವೆಯಲ್ಲಿರುವಾಗ ವೈಕಲ್ಯ ಹೊಂದಿದವನನ್ನು ಸರಕಾರಿ ಸಂಸ್ಥೆಯು ತೆಗೆಯಬಾರದು, ದರ್ಜೆ ಇಳಿಸಬಾರದು. ಹಳೆಯ ಕೆಲಸ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಕೆಲಸ ಕೊಡಬೇಕು. ಅದೂ ಇಲ್ಲದಿದ್ದರೆ ತಕ್ಕ ಹುದ್ದೆ ದೊರೆಯುವತನಕ ಅಥವಾ ನಿವೃತ್ತಿಯತನಕ ಹೆಚ್ಚುವರಿ ಹುದ್ದೆಯೊಂದನ್ನು ನಿರ್ಮಿಸಿ ಅದರಲ್ಲಿ ಅವನನ್ನು ಇರಿಸಿಕೊಳ್ಳಬೇಕು. ಕರ್ತವ್ಯದಲ್ಲಿ ಗಾಯಗೊಂಡು ಎಡಗಾಲನ್ನು ಕಳೆದುಕೊಂಡ ಕಾನ್‌ಸ್ಟೇಬಲ್ ಕುಣಾಲ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಇನ್ನೂ ಮುಂದೆ ಹೋಯಿತು. ಅಶಕ್ತತೆಯ ಪಿಂಚಣಿಯನ್ನು ಕೊಟ್ಟಾಯಿತೆಂಬ ನೆವದಿಂದ ಈ ರಕ್ಷಣೆಯನ್ನು ತಪ್ಪಿಸುವಂತಿಲ್ಲವೆಂದು ಅದು ಹೇಳಿತು.

ಎದುರುವಾದವನ್ನು ನಾವು ಅಲಕ್ಷಿಸುವುದಿಲ್ಲ. ರಾಜ್ಯಗಳೆಲ್ಲ ಹಳೆಯ ಪದ್ಧತಿಗೆ ಮರಳಿದರೆ ಬೊಕ್ಕಸದ ಮೇಲಿನ ಒಟ್ಟು ಹೊರೆಯು ಹೊಸ ಪದ್ಧತಿಯದರ ನಾಲ್ಕೂವರೆ ಪಟ್ಟಿನವರೆಗೆ ಏರಬಹುದೆಂದು ರಿಜರ್ವ್ ಬ್ಯಾಂಕು 2023ರ ಡಿಸೆಂಬರಿನಲ್ಲಿ ಎಚ್ಚರಿಸಿತು. ಆ ಹೊರೆಯನ್ನು ಹೊರುವವರಾರು? ನಮ್ಮ ವಡಗಾವಿಯಲ್ಲಿ ಮಗ್ಗದ ಮುಂದೆ ಹಗಲಿರುಳು ಕುಳಿತು ಸೀರೆ ನೇಯುವವನಿಗೆ ವಿಶ್ರಾಂತಿಯೂ ಇಲ್ಲ, ನೌಕರನಿಗಿರುವಂಥ ವಿಶ್ರಾಂತಿವೇತನವೂ ಇಲ್ಲ. ಅವನು ಕೊಳ್ಳುವ ಸರಕಿನ ತೆರಿಗೆಯೂ ಆ ಬೊಕ್ಕಸಕ್ಕೇ ಹೋಗುತ್ತದೆ. ಆದುದರಿಂದ ಹಳೆಯದೆಲ್ಲವೂ ಬಂಗಾರವೆಂದು ನಾವು ಹೇಳುವುದಿಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವೂ ಬಲ್ಲೆವು. ಆದರೆ ಕಾಲನ್ನೇ ಕಳೆದುಕೊಂಡವನ ಮುಂದೆ ಆ ಗಾದೆಯನ್ನು ಹೇಳುವುದು ಯೋಗ್ಯವೆ? ಸೇವೆಯಲ್ಲಿ ಅಂಗವಿಕಲರಾಗುವವರು ಒಟ್ಟು ನೌಕರರಲ್ಲಿ ಕೆಲವರೇ. ಅವರನ್ನು ಸಲಹುವುದರಿಂದ ಯಾವ ರಾಜ್ಯವೂ ದಿವಾಳಿಯಾಗದು.

ಕೇಂದ್ರವು ಈ ದಾರಿಯಲ್ಲಿ ಕೆಲವು ಹೆಜ್ಜೆಗಳನ್ನು ಇಟ್ಟಿದೆ. ಹತ್ತು ವರ್ಷ ತುಂಬದವನಿಗೂ ಅಶಕ್ತತೆಯ ಪಿಂಚಣಿ ದೊರೆಯುವಂತೆ 2019ರಲ್ಲಿ ತನ್ನ ಹಳೆಯ ನಿಯಮವನ್ನು ತಿದ್ದಿತು. ಹೊಸ ಪದ್ಧತಿಯ ನೌಕರನು ಮೃತನಾದರೆ ಅಥವಾ ಅಶಕ್ತನಾಗಿ ಸೇವೆಯಿಂದ ಬಿಡುಗಡೆ ಹೊಂದಿದರೆ ಹಳೆಯ ಪದ್ಧತಿಯ ಸೌಲಭ್ಯವನ್ನು ಆಯ್ದುಕೊಳ್ಳುವ ಹಕ್ಕನ್ನು 2021ರ ನಿಯಮಗಳಲ್ಲಿ ಬರೆಯಿತು. 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಪದ್ಧತಿಯನ್ನು ತಂದು, 25 ವರ್ಷ ದುಡಿದವನಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧವನ್ನೂ, ಹತ್ತು ವರ್ಷವಾದರೂ ದುಡಿದವನಿಗೆ ತಿಂಗಳಿಗೆ 10,000 ರೂಪಾಯಿಯನ್ನೂ ನಿಶ್ಚಯಿಸಿತು. ನಮ್ಮ ರಾಜ್ಯದಲ್ಲಿ 2023ರ ಮಾರ್ಚ್ 1ರಂದು ನೌಕರರು ಮುಷ್ಕರ ಹೂಡಿದಾಗ ನೂರಕ್ಕೆ 17ರ ಮಧ್ಯಂತರ ಪರಿಹಾರವೂ ಹಳೆಯ ಪಿಂಚಣಿಯನ್ನು ಕುರಿತ ಸಮಿತಿಯೂ ಬಂದವು. 2006ರ ಏಪ್ರಿಲ್ 1ಕ್ಕೆ ಮೊದಲೇ ನೇಮಕದ ಪ್ರಕಟಣೆ ಹೊರಟು, ತಡವಾಗಿ ಸೇವೆಗೆ ಸೇರಿದ ಸುಮಾರು 13,000 ಜನರನ್ನು ಹಳೆಯ ಪದ್ಧತಿಗೆ ಒಳಪಡಿಸಲು 2024ರ ಜನವರಿಯಲ್ಲಿ ಆದೇಶವಾಯಿತು. ಇದು ನ್ಯಾಯವಾದದ್ದು, ಸರಕಾರವನ್ನು ಅಭಿನಂದಿಸುತ್ತೇವೆ. ಆದರೆ ಆದೇಶದಿಂದ ಬಂದದ್ದು ಇನ್ನೊಂದು ಆದೇಶದಿಂದ ಹೋಗಬಹುದು. ಸಂವಿಧಾನದ 309ನೆಯ ಅನುಚ್ಛೇದವು ನೌಕರರ ಸೇವಾ ನಿಬಂಧನೆಗಳನ್ನು ಶಾಸನದಿಂದ ಗೊತ್ತುಪಡಿಸುವ ಅಧಿಕಾರವನ್ನು ವಿಧಾನಮಂಡಲಕ್ಕೆ ಕೊಟ್ಟಿದೆ. ಆ ಅಧಿಕಾರವನ್ನು ಈ ಕಾರ್ಯಕ್ಕೆ ಬಳಸದಿದ್ದರೆ ಇನ್ನಾವುದಕ್ಕೆ ಬಳಸುವುದು?

ನಮ್ಮ ಬೇಡಿಕೆಗಳು ಮೂರೇ. ಒಂದು: ಸೇವೆಯಲ್ಲಿರುವ ನೌಕರನ ಪಿಂಚಣಿಯ ನಿಬಂಧನೆಯನ್ನು ಅವನಿಗೆ ಹಾನಿಯಾಗುವಂತೆ ನಡುವೆ ಬದಲಿಸಕೂಡದೆಂಬ 1956ರ ತತ್ವವು ರಾಜ್ಯದ ಶಾಸನದಲ್ಲಿಯೇ ಸೇರಲಿ. ಎರಡು: ಕರ್ತವ್ಯದಲ್ಲಿ ಅಂಗವಿಕಲನಾದವನ ಜೀವನಾಧಾರವು ಖಾತೆಯ ಮೊತ್ತವನ್ನಾಗಲಿ ಸೇವೆಯ ವರ್ಷಗಳನ್ನಾಗಲಿ ಅವಲಂಬಿಸದೆ, ಕನಿಷ್ಠ ಪಿಂಚಣಿಗೆ ಕಡಿಮೆಯಾಗದಂತೆ ಕಾಯಿದೆಯಿಂದಲೇ ನಿಶ್ಚಿತವಾಗಲಿ. ಮೂರು: 2016ರ ಕಾಯಿದೆಯು ಹೇಳುವ ಬದಲಿ ಹುದ್ದೆಯ ನಿರ್ಣಯವು ಗೊತ್ತಾದ ಅವಧಿಯೊಳಗೆ, ಜಿಲ್ಲೆಯಲ್ಲಿಯೇ, ಅರ್ಜಿದಾರನಿಗೆ ತಿಳಿಯುವ ಕನ್ನಡದಲ್ಲಿ ಲಿಖಿತವಾಗಿ ದೊರೆಯಲಿ. ಊರುಗೋಲು ಹಿಡಿದವನು ಬೆಂಗಳೂರಿನ ಮೆಟ್ಟಿಲುಗಳನ್ನು ಹತ್ತಬೇಕಾಗಿ ಬರುವುದು ಏಕೀಕೃತ ರಾಜ್ಯಕ್ಕೆ ಭೂಷಣವಲ್ಲ. ಗಾಯಗೊಂಡವನು ಕನ್ನಡಿಗನೋ ಮರಾಠಿಗನೋ ಎಂಬ ಭೇದವೂ ಇಲ್ಲಿ ಸಲ್ಲದು. ರಾಜ್ಯದ ಸೇವೆಯಲ್ಲಿ ಸುರಿದ ರಕ್ತಕ್ಕೆ ಗಡಿವಾದವಿಲ್ಲ.

2012ರ ಅಕ್ಟೋಬರ್ 11ರಂದು ಉದ್ಘಾಟನೆಗೊಂಡ ಸುವರ್ಣ ವಿಧಾನಸೌಧವು ಈ ವಡಗಾವಿಯಿಂದ ದೂರವಿಲ್ಲ. ಚಳಿಗಾಲದಲ್ಲಿ ಶಾಸಕರು ಅಲ್ಲಿ ಸೇರುತ್ತಾರೆ. ನೌಕರರು ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುತ್ತಾರೆ. ಅಧಿವೇಶನ ಮುಗಿಯುತ್ತದೆ, ಅರ್ಜಿಗಳು ಉಳಿಯುತ್ತವೆ. ಬೆಳಗಾವಿಯು ನಮ್ಮದೆಂದು ಸಾರುವುದಕ್ಕೆ ಆ ಸೌಧವನ್ನು ಕಟ್ಟಿದ್ದು ಸರಿಯೇ. ಇಲ್ಲಿಯ ದುಡಿಯುವ ಜನರೂ ನಮ್ಮವರೆಂದು ಸಾರುವ ಶಾಸನವೊಂದು ಆ ಸೌಧದಲ್ಲಿಯೇ ಹುಟ್ಟಲಿ. ಬರುವ ಅಧಿವೇಶನದಲ್ಲಿ ಯಾವ ಪಕ್ಷದ ಶಾಸಕರಾದರೂ ಈ ಮಸೂದೆಯನ್ನು ಮಂಡಿಸಲು ಮುಂದಾದರೆ ಅವರನ್ನು ಪಕ್ಷಭೇದವೆಣಿಸದೆ ಬೆಂಬಲಿಸುವುದು ಕನ್ನಡ ಜನತೆಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ.